ಕಲೆ ಎಲ್ಲಿದೆ ಅಂತ ನೋಡಿ

ವಯಸ್ಸಾದವರ ಮುಂಗೈಯಲ್ಲಿ ನೀಲಿಗಟ್ಟಿದ ಕಲೆ ಕಂಡ ಕೂಡಲೇ ಮನೆಯವರು ಹೊಡೆದಿರಬೇಕು ಅಂತ ಅನುಮಾನ ಪಡಬೇಕಿಲ್ಲ. ವಯಸ್ಸಾಗುತ್ತಾ ಚರ್ಮ ತೆಳ್ಳಗಾಗುತ್ತದೆ. ಅದರಡಿಯ ಕೊಬ್ಬು ಕರಗಿ ಸಣ್ಣ ರಕ್ತನಾಳಗಳಿಗೆ ಆಸರೆ ತಪ್ಪುತ್ತದೆ. ಬಾಗಿಲಿಗೆ ಕೈ ತಾಗಿದರೂ ಸಾಕು, ಒಳಗೆ ರಕ್ತ ಒಸರಿ ಕಲೆಯಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುವವರಿಗಂತೂ ಇದು ಇನ್ನೂ ಜಾಸ್ತಿ.

ಮತ್ತೆ ಪೆಟ್ಟಿನ ಕಲೆ ತಿಳಿಯುವುದು ಹೇಗೆ? 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 101 ಹಿರಿಯರ ಮೈಯನ್ನು ದಿನವೂ ಪರೀಕ್ಷಿಸಿದರು. ತಾನಾಗಿ ಆದ ಕಲೆಗಳಲ್ಲಿ ಹೆಚ್ಚುಕಡಿಮೆ 90 ಶೇಕಡ ಇದ್ದದ್ದು ಕೈಕಾಲುಗಳಲ್ಲಿ. ಕುತ್ತಿಗೆ, ಕಿವಿ, ಅಂಗಾಲುಗಳಲ್ಲಿ ಒಂದೂ ಇರಲಿಲ್ಲ. ಕಲೆ ಹಳದಿಯಾಗಿದ್ದರೆ ಹಳೆಯದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಆದರೆ ಈ ಅಧ್ಯಯನದಲ್ಲಿ ಕೆಲವು ಕಲೆಗಳು ಮೊದಲ ದಿನವೇ ಹಳದಿಯಾಗಿದ್ದವು. ಬಣ್ಣವನ್ನು ನಂಬುವ ಹಾಗಿಲ್ಲ, ಜಾಗವನ್ನು ನೋಡಬೇಕು. ಹೊಡೆತ ತಿಂದವರ ಕಲೆಗಳು ಹೆಚ್ಚಾಗಿ ದೊಡ್ಡವು, ಮುಖ ಅಥವಾ ಬೆನ್ನಿನ ಮೇಲೂ ಇರುತ್ತವೆ ಅಂತ ನಂತರದ ಅಧ್ಯಯನವೊಂದು ತೋರಿಸಿತು.

ಆದರೆ ಹೆಚ್ಚಿನ ಹಿಂಸೆಗೆ ಕಲೆಯೇ ಇರುವುದಿಲ್ಲ. 28 ದೇಶಗಳ 52 ಅಧ್ಯಯನಗಳನ್ನು ಒಟ್ಟುಮಾಡಿ 2017ರಲ್ಲಿ ಲೆಕ್ಕ ಹಾಕಿದಾಗ, 60 ದಾಟಿದ ಆರು ಜನರಲ್ಲಿ ಸುಮಾರು ಒಬ್ಬರು ಆ ಹಿಂದಿನ ವರ್ಷದಲ್ಲಿ ಒಂದಲ್ಲ ಒಂದು ಬಗೆಯ ಹಿಂಸೆ ಅನುಭವಿಸಿದ್ದರು. ಹೊಡೆತ ತಿಂದವರು ಶೇ. 2.6. ಬೈಗುಳ, ಬೆದರಿಕೆ, ಅವಮಾನ ಸಹಿಸಿದವರು ಶೇ. 11.6. ಹಣ ಕಸಿದುಕೊಳ್ಳುವುದು, ಹೊತ್ತಿಗೆ ಸರಿಯಾಗಿ ಊಟ ಔಷಧ ಕೊಡದೆ ಬಿಡುವುದು ಈ ಎರಡು ಅಂಕಿಗಳ ನಡುವೆ ಬರುತ್ತವೆ.

ಇಂಥದ್ದನ್ನು ಕಣ್ಣಲ್ಲೇ ಹಿಡಿಯಬೇಕು. "ಊಟ ಸೇರುತ್ತಾ ಅಜ್ಜಿ?" ಅಂತ ಡಾಕ್ಟರು ಕೇಳುತ್ತಾರೆ. ಅಜ್ಜಿ ಮೊದಲು ಪಕ್ಕದಲ್ಲಿ ನಿಂತ ಮಗನ ಮುಖ ನೋಡುತ್ತಾರೆ, ಆಮೇಲೆ "ಹೂಂ" ಅನ್ನುತ್ತಾರೆ. ಕಿವಿ ಮಂದವಾಗಿದ್ದರೂ ಹೀಗೆ ನೋಡಬಹುದು, ನಿಜ. ಆದರೆ ಪ್ರತಿ ಪ್ರಶ್ನೆಗೂ ಅದೇ ನೋಟ ಬಂದರೆ ನನಗೆ ಸಂಕಟವಾಗುತ್ತದೆ.

ಹಿಂಸೆ ಕೊಡುವವರೆಲ್ಲ ಕ್ರೂರಿಗಳಲ್ಲ. ಮರೆವಿನ ಕಾಯಿಲೆ ಇರುವವರನ್ನು ಹಗಲೂ ರಾತ್ರಿ ಒಬ್ಬರೇ ನೋಡಿಕೊಂಡು ಸೋತು ಸಿಡಿಯುವವರಿದ್ದಾರೆ. ಅವರಿಗೆ ಬಿಡುವು ಬೇಕು. ಹಿರಿಯರ ದುಡ್ಡಿನಲ್ಲೇ ಬದುಕುತ್ತಾ ಅವರನ್ನೇ ಹೆದರಿಸುವವರೂ ಇದ್ದಾರೆ. ಎರಡೂ ಕಡೆ ಹಿರಿಯರು ಹೆಚ್ಚಾಗಿ ಬಾಯಿ ಬಿಡುವುದಿಲ್ಲ, ಯಾಕಂದರೆ ಹಿಂಸೆ ಕೊಡುವವರು ಎಷ್ಟೋ ಸಲ ಅವರದೇ ಮಗನೋ ಮಗಳೋ ಆಗಿರುತ್ತಾರೆ.

ಅದಕ್ಕೇ ತಿಳಿದ ಡಾಕ್ಟರು ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತಾರೆ. "ಮನೆಯಲ್ಲಿ ಯಾರನ್ನಾದರೂ ಕಂಡರೆ ಹೆದರಿಕೆ ಆಗುತ್ತಾ?" ಅಂತ ಮೆಲ್ಲಗೆ ಕೇಳುತ್ತಾರೆ. ಮೊದಲ ಸಲ ಉತ್ತರ ಬರದಿದ್ದರೆ ಮುಂದಿನ ಸಲ ಮತ್ತೆ ಕೇಳುತ್ತಾರೆ.