ಸ್ಲ್ಯಾಬ್ ಮನೆ ರಾತ್ರಿ ಯಾಕೆ ಇಷ್ಟು ತಣ್ಣಗಾಗುತ್ತದೆ?

ಪ್ರಶ್ನೆ: ಹಳೇ ಮಾಳಿಗೆ ಮನೆ ಕೆಡವಿ ಮೂರು ವರ್ಷದ ಹಿಂದೆ ಸ್ಲ್ಯಾಬ್ ಮನೆ ಕಟ್ಟಿಸಿದೆವು. ಹಳೇ ಮನೆಯಲ್ಲಿ ಒಂದು ಕೌದಿ ಹೊದ್ದರೆ ಸಾಕಿತ್ತು. ಈಗ ಡಿಸೆಂಬರ್ ಬಂತೆಂದರೆ ಅವ್ವನಿಗೆ ಎರಡು ಕೌದಿ ಹೊದಿಸಿದರೂ ನಡುಕ ನಿಲ್ಲುವುದಿಲ್ಲ. ಮನೆ ಬೆಚ್ಚಗಿಡಲು ಏನು ಮಾಡಬೇಕು?
(ಇಂಡಿ ತಾಲ್ಲೂಕಿನ ಓದುಗರು)

ಉತ್ತರ: ಅವ್ವನಿಗೆ ವಯಸ್ಸಾಯಿತು, ಅದಕ್ಕೇ ಚಳಿ ಜಾಸ್ತಿ ಅಂತ ಸುಮ್ನೆ ಬಿಡಬೇಡಿ. ನಿಮ್ಮ ಹೊಸ ಮನೆ ಹಳೇ ಮನೆಗಿಂತ ನಿಜವಾಗಿಯೂ ತಣ್ಣಗಿದೆ.

ವಿಜಯಪುರ ಸೀಮೆಯ ಚಳಿ ರಾತ್ರಿಯ ಚಳಿ. ಡಿಸೆಂಬರ್, ಜನವರಿಯಲ್ಲೂ ಮಧ್ಯಾಹ್ನ 28–30 ಡಿಗ್ರಿ ಇರುತ್ತದೆ. ಬೆಳಗಿನ ಜಾವ ಕೆಲವು ದಿನ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಗಾಳಿ ಒಣ, ಆಕಾಶದಲ್ಲಿ ಮೋಡವಿಲ್ಲ. ಹಗಲು ಕಾದದ್ದೆಲ್ಲ ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ. ಮನೆಯಲ್ಲಿ ಆಕಾಶಕ್ಕೆ ಪೂರ್ತಿ ಮೈಯೊಡ್ಡಿ ಮಲಗಿರುವುದು ಮೇಲ್ಛಾವಣಿ, ಅಲ್ವಾ? ಮೊದಲು ತಣ್ಣಗಾಗುವುದೂ ಅದೇ. ಬೆಳಿಗ್ಗೆ 5 ಗಂಟೆಗೆ ಏಣಿ ಹತ್ತಿ ಸ್ಲ್ಯಾಬಿನ ಒಳಮೈಗೆ ಅಂಗೈ ಹಚ್ಚಿ ನೋಡಿ. ಆಮೇಲೆ ಒಳಗಿನ ಗೋಡೆಗೆ ಹಚ್ಚಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಹಳೇ ಮನೆಯಲ್ಲಿ ತೊಲೆ, ಜಂತಿ, ಅದರ ಮೇಲೆ ದಪ್ಪಗೆ ಮಣ್ಣು ಇರುತ್ತಿತ್ತು. ಗೋಡೆಯೂ ಎರಡಡಿ. ಅಷ್ಟು ಮಣ್ಣು ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿ, ರಾತ್ರಿ ನಿಧಾನವಾಗಿ ಬಿಡುತ್ತಿತ್ತು. ಈಗ ತಲೆಯ ಮೇಲೆ ಇರುವುದು ಐದಾರು ಇಂಚು ಕಾಂಕ್ರೀಟು. ಕಾಂಕ್ರೀಟಿನಲ್ಲಿ ಬಿಸಿ ಬೇಗ ಹಾದುಹೋಗುತ್ತದೆ. ಒಂದು ಇಂಚು ಥರ್ಮಾಕೋಲ್ ತಡೆಯುವಷ್ಟು ಬಿಸಿಯನ್ನು ತಡೆಯಲು ಮೂರು ಅಡಿಗೂ ಜಾಸ್ತಿ ಕಾಂಕ್ರೀಟು ಬೇಕು.

ಹಾಗಾಗಿ ದುಡ್ಡು ಹಾಕುವುದಾದರೆ ಮೊದಲು ಮೇಲೆ ಹಾಕಿ. ದೀಪಾವಳಿ ಸುಣ್ಣಬಣ್ಣದ ಹೊತ್ತಿಗೆ ಮಳೆ ಮುಗಿದಿರುತ್ತದೆ, ಅದೇ ಸರಿಯಾದ ಸಮಯ. ಸ್ಲ್ಯಾಬಿನ ಮೇಲ್ಮೈಯನ್ನು ಚೆನ್ನಾಗಿ ಗುಡಿಸಿ ನಾಲ್ಕು ಕೊಡ ನೀರು ಚೆಲ್ಲಿ, ಒಣಗಲು ಬಿಡಿ. ಉಳಿದ ಜಾಗವೆಲ್ಲ ಬೆಳ್ಳಗಾದ ಮೇಲೂ ಕೂದಲೆಳೆಯಂಥ ಕಪ್ಪು ಗೆರೆಗಳು ಉಳಿದರೆ ಅವೇ ಬಿರುಕು. ಅಲ್ಲೇ ಸೀಮೆಸುಣ್ಣದಿಂದ ಗುರುತು ಮಾಡಿ. ಗೌಂಡಿ ಬರೀ ಸಿಮೆಂಟ್ ಹಾಲು ಬಳಿದು ಹೋಗಲು ಬಿಡಬೇಡಿ. ಬಿರುಕನ್ನು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ಬಿರುಕು ತುಂಬುವ ಪಾಲಿಮರ್ ಗಾರೆ ತುಂಬಿಸಿ. ಹೊರಗೋಡೆಯ ಬಿರುಕಿಗೂ ಇದೇ ಮಾತು. ಒದ್ದೆ ಗೋಡೆಯಿಂದ ಬಿಸಿ ಇನ್ನೂ ಬೇಗ ಹೋಗುತ್ತದೆ.

ಕೈಯಲ್ಲಿ ಹಣವಿದ್ದರೆ ವಾಟರ್‌ಪ್ರೂಫಿಂಗ್ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ (ಥರ್ಮಾಕೋಲ್ ಜಾತಿಯದೇ, ಆದರೆ ಗಟ್ಟಿ) ಜೋಡಿಸಿ, ಅದರ ಮೇಲೆ ಇಳಿಜಾರಾಗಿ ತೆಳು ಕಾಂಕ್ರೀಟು ಹಾಕಿಸಿ. ಅಷ್ಟು ಆಗದಿದ್ದರೆ ಹಳೆಯದೊಂದು ಉಪಾಯವಿದೆ. ಮಣ್ಣಿನ ಕುಡಿಕೆಗಳನ್ನು ಬೋರಲು ಜೋಡಿಸಿ, ಸಂದಿಗೆ ಗಾರೆ ತುಂಬಿ, ಮೇಲೆ ಹೆಂಚುಬಿಲ್ಲೆ ಹಾಸುವುದು. ಕುಡಿಕೆಯೊಳಗೆ ಸಿಕ್ಕಿಬಿದ್ದ ಗಾಳಿ ಬಿಸಿಯನ್ನು ತಡೆಯುತ್ತದೆ. ಒಳಗಡೆ ಥರ್ಮಾಕೋಲ್ ಸೀಲಿಂಗ್ ಹಾಕಿಸುವುದನ್ನು ಮಾತ್ರ ನಾನು ಬೇಡ ಎನ್ನುತ್ತೇನೆ. ಅದು ಬೇಗ ಬೆಂಕಿ ಹಿಡಿಯುತ್ತದೆ, ಹೊಗೆಯೂ ವಿಷ. ಮೇಲೆ ಹಾಕಿಸಿದರೆ ಸ್ಲ್ಯಾಬಿನ ಬಿಸಿಯೂ ಮನೆಯ ಪಾಲಿಗೇ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೂ ಅದೇ ಅಡ್ಡ ನಿಲ್ಲುತ್ತದೆ. ಬೇಸಿಗೆಗೆಂದು ಬಿಳಿ ಬಣ್ಣ ಬಳಿಸಿದ್ದರೆ ಹಾಗೇ ಇರಲಿ, ನಮ್ಮ ಕಡೆ ಬೇಸಿಗೆಯೇ ದೊಡ್ಡ ಕಷ್ಟ.

ಇನ್ನು ಕಿಟಕಿ. ಮೂಡಗಾಳಿ ಬೀಸುವ ರಾತ್ರಿ ಫ್ಯಾನ್ ಆರಿಸಿ, ಊದಿನಕಡ್ಡಿ ಹಚ್ಚಿಕೊಂಡು ಮೂಡಣ ಕಿಟಕಿಯ ಚೌಕಟ್ಟಿನ ಸುತ್ತ ನಿಧಾನವಾಗಿ ಕೈಯಾಡಿಸಿ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಒಮ್ಮೆಲೇ ಒಳಕ್ಕೆ ಬಾಗುತ್ತದೋ ಅಲ್ಲಿ ಸಂದಿಯಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಂಟಿಸುವ ಸ್ಪಂಜಿನ ಪಟ್ಟಿ ಸಿಗುತ್ತದೆ, ಅಷ್ಟು ಸಾಕು. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಇಲ್ಲವೇ ಹಳೇ ಸೀರೆಯ ಸುರುಳಿ.

ಬಿಸಿಲನ್ನೂ ಬಳಸಿಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ನಟ್ಟ ಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರುವುದಿಲ್ಲ. ತೆಂಕಣ ದಿಕ್ಕಿನಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ತೆಂಕಣ ಕಿಟಕಿಯಿದ್ದರೆ ಬಿಸಿಲು ಒಳಗೆ ಬಂದು ನೆಲಕ್ಕೆ ಬೀಳುತ್ತದೆ. ಹತ್ತರ ಮೇಲೆ ಕಿಟಕಿ ತೆರೆಯಿರಿ, ಪರದೆ ಸರಿಸಿ. ಸಂಜೆ 5ರೊಳಗೆ ಎಲ್ಲ ಮುಚ್ಚಿ. ಎಷ್ಟೋ ಮನೆಗಳಲ್ಲಿ ರಾತ್ರಿ ಎಂಟಕ್ಕೆ ಕಿಟಕಿ ಹಾಕುತ್ತಾರೆ. ಅಷ್ಟೊತ್ತಿಗೆ ಹಗಲಿನ ಬಿಸಿಯೆಲ್ಲ ಹೋಗಿರುತ್ತದೆ.

ಇಲ್ಲೊಂದು ಮಾತು ಕೈಮುಗಿದು ಹೇಳುತ್ತೇನೆ. ಸಂದಿಗಳನ್ನೆಲ್ಲ ಮುಚ್ಚಿದ ಖೋಲಿಯಲ್ಲಿ ಕೆಂಡದ ಶೆಗಡಿ ಇಡಬೇಡಿ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ರೂಢಿ ನಮ್ಮಲ್ಲಿದೆ. ಹಳೇ ಮನೆಗೆ ಬೆಳಕಿಂಡಿ ಇತ್ತು, ಬಾಗಿಲಲ್ಲಿ ಸಂದಿ ಇತ್ತು, ಹೊಗೆ ಹೋಗಲು ದಾರಿ ಇತ್ತು. ಈಗಿನ ಖೋಲಿಗೆ ಆ ದಾರಿಯಿಲ್ಲ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುವುದಿಲ್ಲ ಎಂದು ಧೈರ್ಯವಾಗಿ ಮಲಗಿದವರು ಏಳದೇ ಹೋಗಬಹುದು. ತಲೆ ಸಿಡಿತ, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೂ ಅಷ್ಟೇ ಅಪಾಯ. ಎಷ್ಟೇ ಚಳಿಯಿದ್ದರೂ ಅಲ್ಲಿನ ವೆಂಟಿಲೇಟರ್ ಮುಚ್ಚಬೇಡಿ.

ಅವ್ವನಿಗೆ ಶೆಗಡಿ ಬದಲು ರಬ್ಬರಿನ ಬಿಸಿನೀರಿನ ಚೀಲ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಕಾಲಿಗೆ ಬಿಸಿ ತಿಳಿಯದೇ ಬೊಬ್ಬೆ ಏಳಬಹುದು, ದಪ್ಪ ಬಟ್ಟೆ ಸುತ್ತಿಯೇ ಕೊಡಿ. ಟೈಲ್ಸ್ ಮೇಲೆ ಜಮಖಾನೆ ಹಾಸಿ. ಅವರ ಹೊರಸು ಹೊರಗೋಡೆಗೆ ತಾಗಿದ್ದರೆ ಇವತ್ತು ರಾತ್ರಿಯೇ ಒಳಗೋಡೆಯ ಕಡೆಗೆ ಎಳೆದು ಹಾಕಿ. ಸ್ಲ್ಯಾಬಿನ ಕೆಲಸ ದೀಪಾವಳಿಯವರೆಗೆ ಕಾದರೂ ನಡೆಯುತ್ತದೆ.