‘ತನಗೆ ಮತ್ತು ತನ್ನ ಕುಟುಂಬಕ್ಕೆ’: ಜಾನ್ ಮಾಲ್ಕಮ್ ಬರೆದುಕೊಟ್ಟ ಎಂಟು ಲಕ್ಷ

1857ರ ಜೂನ್‌ನಲ್ಲಿ ನಾನಾ ಸಾಹೇಬ ಕಾನ್ಪುರದಲ್ಲಿ ಬ್ರಿಟಿಷರ ವಿರುದ್ಧ ಯಾಕೆ ನಿಂತ? ಶಾಲೆಯ ಪುಸ್ತಕ ಒಂದೇ ಸಾಲಲ್ಲಿ ಮುಗಿಸುತ್ತದೆ: ಅವನ ಪಿಂಚಣಿ ನಿಲ್ಲಿಸಿದ್ದರು, ಅದಕ್ಕೆ. ಆದರೆ ಆ ಪಿಂಚಣಿ ಕೊಡುತ್ತೇವೆ ಅಂತ ಮೊದಲು ಮಾತು ಕೊಟ್ಟವರು ಯಾರು? ಎಷ್ಟು ಅಂತ ಹೇಳಿದ್ದರು? ಯಾರಿಗೆ ಅಂತ ಬರೆದಿದ್ದರು? ಇದನ್ನು ಹುಡುಕಿಕೊಂಡು ಹಿಂದೆ ಹೋದರೆ ಜಾನ್ ಮಾಲ್ಕಮ್ ಸಿಗುತ್ತಾನೆ. ಅವನ ದಾರಿ ಹಿಡಿದು ಇನ್ನೂ ಹಿಂದೆ ಹೋದರೆ ನಮ್ಮ ಶ್ರೀರಂಗಪಟ್ಟಣಕ್ಕೇ ಬಂದು ನಿಲ್ಲುತ್ತೇವೆ.

ಮಾಲ್ಕಮ್ ಹುಟ್ಟಿದ್ದು 1769ರಲ್ಲಿ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್ ಕಣಿವೆಯ ಬರ್ನ್‌ಫುಟ್‌ನಲ್ಲಿ. ಮನೆಯಲ್ಲಿ ಹದಿನೇಳು ಮಕ್ಕಳು. ಅಪ್ಪ ಸಾಲದಲ್ಲಿದ್ದ ರೈತ. ಓದಿಸುವ ಶಕ್ತಿ ಇರಲಿಲ್ಲ. ಹುಡುಗನಿಗೆ ಹದಿಮೂರು ತುಂಬುವ ಮೊದಲೇ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯ ಮುಂದೆ ನಿಲ್ಲಿಸಿದರು. ‘ಹೈದರಾಲಿ ಎದುರಾದರೆ ಏನು ಮಾಡ್ತೀಯ ಮರಿ?’ ಅಂತ ಒಬ್ಬರು ಕೇಳಿದರಂತೆ. ‘ಕತ್ತಿ ಹಿರಿದು ಅವನ ತಲೆ ಕಡೀತೀನಿ’ ಅಂದನಂತೆ ಹುಡುಗ. ಕೆಲಸ ಸಿಕ್ಕಿತು. 1783ರಲ್ಲಿ ಮದ್ರಾಸಿಗೆ ಬಂದಿಳಿದಾಗ ಹೈದರ್ ತೀರಿಕೊಂಡು ಕೆಲವು ತಿಂಗಳಾಗಿತ್ತು. ಪಟ್ಟದಲ್ಲಿ ಟಿಪ್ಪು ಇದ್ದ.

ಅವನನ್ನು ಬದಲಾಯಿಸಿದ್ದು 1792ರ ಶ್ರೀರಂಗಪಟ್ಟಣದ ಮುತ್ತಿಗೆ. ಅವನಿದ್ದ ತುಕಡಿ ನಿಜಾಮನ ಸೇನೆಯ ಜೊತೆಗಿತ್ತು. ಟಿಪ್ಪುವಿನ ಜೊತೆ ಸಂಧಾನ ನಡೆಸುತ್ತಿದ್ದ ಅಧಿಕಾರಿಗಳನ್ನು ಅಲ್ಲಿ ಹತ್ತಿರದಿಂದ ನೋಡಿದ. ಮಾತು, ಕಾಗದ, ಸಹಿಯಿಂದ ಅರ್ಧ ರಾಜ್ಯವೇ ಕೈ ಬದಲಾಯಿಸುವುದನ್ನು ಕಂಡ. ಆ ಕೆಲಸಕ್ಕೆ ಆಗ ಪರ್ಷಿಯನ್ ಬೇಕಿತ್ತು. ಇಪ್ಪತ್ತೆರಡರ ಹುಡುಗ ಪಟ್ಟು ಹಿಡಿದು ಕಲಿಯಲು ಕೂತ.

ಏಳು ವರ್ಷದ ಮೇಲೆ, 1799ರಲ್ಲಿ, ಅದೇ ಕೋಟೆಯ ಮುಂದೆ ಮತ್ತೆ ಬಂದ. ಮೇ 4ರಂದು ಟಿಪ್ಪು ಸತ್ತ. ಮೈಸೂರನ್ನು ಏನು ಮಾಡಬೇಕು ಅಂತ ತೀರ್ಮಾನಿಸಲು ಒಂದು ಆಯೋಗ ಕೂತಿತು. ಅದರಲ್ಲಿ ಆರ್ಥರ್ ವೆಲ್ಲೆಸ್ಲಿ, ಬ್ಯಾರಿ ಕ್ಲೋಸ್ ಇದ್ದರು. ಕಾರ್ಯದರ್ಶಿಗಳು ಇಬ್ಬರು: ಥಾಮಸ್ ಮನ್ರೋ ಮತ್ತು ಜಾನ್ ಮಾಲ್ಕಮ್. ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಜೂನ್ 30ರಂದು ಪಟ್ಟಕ್ಕೆ ಕೂರಿಸಿದರು. ಜುಲೈ 8ರ ಒಪ್ಪಂದದಲ್ಲಿ ಒಂದು ಮಾತು ಬರುತ್ತದೆ: ಸೂರ್ಯ ಚಂದ್ರರು ಇರುವ ತನಕ ಇದು ಎರಡೂ ಕಡೆಯವರನ್ನು ಕಟ್ಟಿಹಾಕುತ್ತದೆ. ನಮ್ಮ ದಾನಶಾಸನಗಳ ‘ಆಚಂದ್ರಾರ್ಕ’ವೇ ಇದು, ಅಲ್ವಾ? ಈ ಸಾಲು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಅಲ್ಲಿಂದ ಮಾಲ್ಕಮ್ ಒಂದು ಕಡೆ ನಿಲ್ಲಲಿಲ್ಲ. ರಾಯಭಾರಿಯಾಗಿ ಮೂರು ಸಲ ಪರ್ಷಿಯಾಕ್ಕೆ ಹೋದ. 1801ರ ಜನವರಿಯಲ್ಲಿ ಫತ್ ಅಲಿ ಷಾನ ಆಸ್ಥಾನದ ಜೊತೆ ಒಪ್ಪಂದ ಮಾಡಿಕೊಂಡ. ಆ ದೇಶಕ್ಕೆ ಆಲೂಗಡ್ಡೆ ತಂದವನು ಇವನೇ ಅನ್ನುವ ಮಾತೂ ಇದೆ. ಮೈಸೂರಿನ ರೆಸಿಡೆಂಟ್, ಅಂದರೆ ಅರಸರ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿ, ಅನ್ನಿಸಿಕೊಂಡ. 1807ರಲ್ಲಿ ಮೈಸೂರಿನಲ್ಲೇ ಷಾರ್ಲಟ್ ಕ್ಯಾಂಪ್‌ಬೆಲ್‌ಳನ್ನು ಮದುವೆಯಾದ. 1815ರಲ್ಲಿ ಪರ್ಷಿಯಾದ ಇತಿಹಾಸವನ್ನು ಎರಡು ದೊಡ್ಡ ಸಂಪುಟಗಳಲ್ಲಿ ಹೊರತಂದ. ಶಾಲೆಯನ್ನು ಅಷ್ಟು ಬೇಗ ಬಿಟ್ಟವನು ಅಷ್ಟು ಬರೆದದ್ದು ಸಣ್ಣ ಮಾತಲ್ಲ.

ಈಗ ಎಂಟು ಲಕ್ಷದ ವಿಷಯ.

1817ರ ನವೆಂಬರ್ 5ರಂದು ಖಡ್ಕಿಯಲ್ಲಿ ಸೋತ ಮರಾಠರ ಪೇಶ್ವೆ ಎರಡನೇ ಬಾಜಿರಾವ್ ತನ್ನ ರಾಜಧಾನಿ ಪುಣೆ ಬಿಟ್ಟು ಓಡಿದ. ಇತ್ತ ನಮ್ಮ ಕಡೆ ಬಾದಾಮಿ, ಬೆಳಗಾವಿ ಕೋಟೆಗಳು ಮನ್ರೋ ಕೈಗೆ ಬಿದ್ದವು. ಬಾಜಿರಾವ್ ಊರೂರು ಅಲೆದು, 1818ರ ಮೇ ತಿಂಗಳಲ್ಲಿ ಅಸೀರ್‌ಗಢದ ಹತ್ತಿರ ಬೀಡು ಬಿಟ್ಟ. ಅದು ಸಿಂಧ್ಯನ ಗಟ್ಟಿ ಕೋಟೆ. ಅಲ್ಲಿಗೆ ಹೊಕ್ಕರೆ ಹೊರಗೆಳೆಯುವುದು ಕಷ್ಟ. ಮೇಲಾಗಿ ಮಳೆಗಾಲ ತಲೆ ಮೇಲಿತ್ತು. ಕೆಸರಿನಲ್ಲಿ ತೋಪು ಸಾಗಲ್ಲ. ಬ್ರಿಟಿಷರ ಕಡೆಯಿಂದ ಆ ಭಾಗದಲ್ಲಿ ಇದ್ದವನು ಮಾಲ್ಕಮ್.

ಜೂನ್ 1ರಂದು ಖೇರಿ ಎಂಬಲ್ಲಿ ಇಬ್ಬರೂ ಭೇಟಿಯಾದರು. ಅವರಿಗೆ ಇದು ಮೊದಲ ಭೇಟಿಯೇನೂ ಅಲ್ಲ. ಹತ್ತು ತಿಂಗಳ ಹಿಂದೆ ಮಾಹುಲಿಯಲ್ಲಿ ಇದೇ ಬಾಜಿರಾವ್ ‘ನಾನು ನಿಮ್ಮ ಗೆಳೆಯ’ ಅಂತ ಮಾಲ್ಕಮ್‌ನನ್ನು ನಂಬಿಸಿ ಕಳಿಸಿದ್ದ. ಈ ಸಲ ಕಣ್ಣೀರು ಹಾಕಿದ. ನನಗೆ ಇದ್ದದ್ದು ಮೂವರೇ ಗೆಳೆಯರು, ಕ್ಲೋಸ್ ಸತ್ತುಹೋದ, ವೆಲ್ಲೆಸ್ಲಿ ದೂರ ದೇಶದಲ್ಲಿದ್ದಾನೆ, ಉಳಿದವನು ನೀನೊಬ್ಬ ಅಂದನಂತೆ. ಆ ಮೂರೂ ಹೆಸರು ಶ್ರೀರಂಗಪಟ್ಟಣದ ಆಯೋಗದವೇ.

ಮಾಲ್ಕಮ್ ಷರತ್ತುಗಳನ್ನು ಬರೆದು ಕೊಟ್ಟ. ಬಾಜಿರಾವ್ ರಾಜ್ಯದ ಹಕ್ಕು ಪೂರ್ತಿ ಬಿಡಬೇಕು. ದಕ್ಷಿಣಕ್ಕೆ ಕಾಲಿಡದೆ ಉತ್ತರಕ್ಕೆ ಹೋಗಿ ನೆಲೆಸಬೇಕು. ಅದಕ್ಕೆ ಪ್ರತಿಯಾಗಿ ‘ತನಗೆ ಮತ್ತು ತನ್ನ ಕುಟುಂಬಕ್ಕೆ’ ಜೀವನ ನಡೆಸಲು ಪಿಂಚಣಿ. ಮೊತ್ತ ಗೊತ್ತು ಮಾಡುವುದು ಗವರ್ನರ್ ಜನರಲ್. ಆದರೆ ವರ್ಷಕ್ಕೆ ಎಂಟು ಲಕ್ಷ ರೂಪಾಯಿಗೆ ಕಡಿಮೆ ಇರುವುದಿಲ್ಲ ಅಂತ ಮಾಲ್ಕಮ್ ತನ್ನ ಹೊಣೆಯ ಮೇಲೆ ಸೇರಿಸಿದ. ಮೇಲಿನವರನ್ನು ಕೇಳುವಷ್ಟು ಸಮಯ ಇರಲಿಲ್ಲ. ಬಾಜಿರಾವ್ ಒಂದೆರಡು ದಿನ ಹಿಂದೆಮುಂದೆ ನೋಡಿ, ಕೊನೆಗೆ ಬಂದು ಶರಣಾದ. ಆಮೇಲೆ ಅವನದೇ ಅರಬ್ ಸಿಪಾಯಿಗಳು ಬಾಕಿ ಸಂಬಳ ಕೊಡು ಅಂತ ಡೇರೆ ಸುತ್ತುವರಿದರು. ಅದನ್ನೂ ಮಾಲ್ಕಮ್‌ನೇ ಹೋಗಿ ಬಿಡಿಸಬೇಕಾಯಿತು.

ಗವರ್ನರ್ ಜನರಲ್ ಹೇಸ್ಟಿಂಗ್ಸ್‌ಗೆ ಎಂಟು ಲಕ್ಷ ಜಾಸ್ತಿ ಅನ್ನಿಸಿತು. ಆದರೂ ಕೊಟ್ಟ ಮಾತು ಅಂತ ಒಪ್ಪಿದ. ಕಾನ್ಪುರದ ಹತ್ತಿರ ಗಂಗೆಯ ದಡದ ಬಿಠೂರಿಗೆ ಹೋದ ಬಾಜಿರಾವ್ ಬದುಕಿದ್ದು 1851ರ ಜನವರಿವರೆಗೆ. ಮೂವತ್ತೆರಡು ವರ್ಷಕ್ಕೂ ಹೆಚ್ಚು. ಲೆಕ್ಕ ಹಾಕಿದರೆ ಎರಡೂವರೆ ಕೋಟಿ ದಾಟುತ್ತದೆ. ಇದನ್ನು ಮಾಲ್ಕಮ್‌ನ ದೊಡ್ಡ ಮನಸ್ಸು ಅಂತ ಮಾತ್ರ ನಾನು ಓದುವುದಿಲ್ಲ. ಒಂದು ಇಡೀ ರಾಜ್ಯ ಕೈಗೆ ಬಂದಿತ್ತು. ಮಳೆಗಾಲದ ಯುದ್ಧ ತಪ್ಪಿತ್ತು. ಕಂಪನಿಗೆ ಇದು ಅಗ್ಗದ ವ್ಯಾಪಾರ. ಆದರೆ ಸೋತವನ ಮಾನ ಉಳಿಯಬೇಕು ಅನ್ನುವ ಅರಿವು ಅವನಿಗೆ ಇತ್ತು. ಅವನ ನಂತರ ಬಂದವರಿಗೆ ಅದು ಇರಲಿಲ್ಲ ಅನ್ನುವುದೇ ನನಗೆ ನೋವಿನ ವಿಷಯ.

ಆ ಅರಿವಿಗೂ ಒಂದು ಮಿತಿ ಇತ್ತು. ಅದನ್ನು ನಾವು ಕನ್ನಡಿಗರು ಮರೆಯುವ ಹಾಗಿಲ್ಲ. ಕಿತ್ತೂರಿನ ದತ್ತುಮಗನನ್ನು ಕಂಪನಿ 1824ರಲ್ಲೇ ಒಪ್ಪದೆ ಯುದ್ಧ ತಂದಿತ್ತು. ಮಾಲ್ಕಮ್ 1827ರಿಂದ 1830ರವರೆಗೆ ಮುಂಬೈ ಗವರ್ನರ್. ಕಿತ್ತೂರು ಸೀಮೆ ಆಗ ಮುಂಬೈ ಸರ್ಕಾರದ ಕೆಳಗಿತ್ತು. 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಕಣ್ಣುಮುಚ್ಚಿದರು. ಅದೇ ದತ್ತುಮಗನಿಗಾಗಿ ಎದ್ದ ಸಂಗೊಳ್ಳಿ ರಾಯಣ್ಣನನ್ನು 1830ರ ಏಪ್ರಿಲ್‌ನಲ್ಲಿ ಹಿಡಿದಾಗಲೂ ಮಾಲ್ಕಮ್‌ನದೇ ಆಡಳಿತ. ಆಮೇಲೆ ಅವನು ಇಂಗ್ಲೆಂಡಿಗೆ ಮರಳಿದ. 1831ರಲ್ಲಿ ಲಾನ್ಸೆಸ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋದ. ಜನರಿಗೆ ಮತದ ಹಕ್ಕು ಹೆಚ್ಚಿಸುವ ಸುಧಾರಣಾ ಮಸೂದೆಯನ್ನು ವಿರೋಧಿಸಿದ. 1833ರ ಮೇ 30ರಂದು ತೀರಿಕೊಂಡ.

ಅವನು ಸತ್ತು ಹದಿನೆಂಟು ವರ್ಷಕ್ಕೆ ಜಗಳ ಬಂತು. ಬಾಜಿರಾವ್‌ಗೆ ಗಂಡು ಮಕ್ಕಳಿರಲಿಲ್ಲ. ದತ್ತುಮಗ ನಾನಾ ಸಾಹೇಬ ಪಿಂಚಣಿ ಮುಂದುವರಿಸಿ ಅಂತ ಕೇಳಿದ. ಅವನು ಬೆರಳಿಟ್ಟು ತೋರಿಸಿದ್ದು ಮಾಲ್ಕಮ್ ಬರೆದ ಆ ಮಾತನ್ನೇ: ಕುಟುಂಬಕ್ಕೆ. ದತ್ತುಮಗ ಕುಟುಂಬ ಅಲ್ಲವೇ? ಹಿಂದೂ ಧರ್ಮಶಾಸ್ತ್ರದ ಪ್ರಕಾರ ಹೌದು. ಇದು ಬಾಜಿರಾವ್ ಒಬ್ಬನಿಗೆ, ಅವನ ಜೀವ ಇರುವ ತನಕ ಅಂತ ಆಗಿನ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿಬಿಟ್ಟ. ಎಷ್ಟು ತಲೆಮಾರು ಅಂತ ಮಾಲ್ಕಮ್ ಬರೆದಿರಲಿಲ್ಲ. ಅವಸರದಲ್ಲಿ ಅಳತೆಯಿಲ್ಲದೆ ಬಿಟ್ಟ ಒಂದು ಪದವನ್ನು ಕಂಪನಿ ತನಗೆ ಬೇಕಾದಷ್ಟು ಚಿಕ್ಕದು ಮಾಡಿಕೊಂಡಿತು. ನಾನಾ ತನ್ನ ವಕೀಲ ಅಜೀಮುಲ್ಲಾ ಖಾನ್‌ನನ್ನು ಲಂಡನ್ನಿಗೇ ಕಳಿಸಿದ. ಅವನು ಬರಿಗೈಯಲ್ಲಿ ಬಂದ. ಮುಂದಿನದು 1857.

ಆ ಸೂರ್ಯ ಚಂದ್ರರ ಸಾಲು ಏನಾಯಿತು? 1831ರಲ್ಲಿ ಆಡಳಿತ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಗಂಡು ಸಂತಾನ ಇರಲಿಲ್ಲ. 1865ರಲ್ಲಿ ಅವರೂ ದತ್ತು ತೆಗೆದುಕೊಂಡರು. ಅವರ ಕೈಯಲ್ಲಿದ್ದ 1799ರ ಕಾಗದದಲ್ಲಿ ಅವಧಿ ಬರೆದಿತ್ತು. ಜೊತೆಗೆ 1857ರ ಪೆಟ್ಟು ಲಂಡನ್ನಿಗೆ ನೆನಪಿತ್ತು. 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತಕವನ್ನು ಒಪ್ಪಿತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರ ಕೈಗೆ ಮೈಸೂರು ಮರಳಿತು. ಅಷ್ಟರಲ್ಲಿ ಇನ್ನೊಬ್ಬ ದತ್ತುಮಗ, ನಾನಾ ಸಾಹೇಬ, ನೇಪಾಳದ ಕಾಡಿನ ಕಡೆ ಹೋಗಿ ಕಣ್ಮರೆಯಾಗಿ ಇಪ್ಪತ್ತು ವರ್ಷ ದಾಟಿತ್ತು.