ಇಂಜೆಕ್ಷನ್ ಬಾವಿಯ ಸೋರಿಕೆ ಪರೀಕ್ಷೆ: ಗೇಜ್ ಹೇಳುವುದು ಅರ್ಧ ಮಾತ್ರ

ಹಿರಿಯೂರು, ಚಳ್ಳಕೆರೆ ಕಡೆ ಬೋರ್‌ವೆಲ್ ಸುತ್ತ ಗುಂಡಿ ತೆಗೆದು, ಕೇಸಿಂಗ್‌ಗೆ (ಬಾವಿಯ ಹೊರಕೊಳವೆಗೆ) ತೂತು ಕೊರೆದು, ಜಾಲರಿ ಸುತ್ತಿ ಮಳೆನೀರು ಇಳಿಸುತ್ತಾರೆ. ಅಮೆರಿಕದ ನಿಯಮದ ಲೆಕ್ಕದಲ್ಲಿ ಅಂಥದ್ದೂ ಇಂಜೆಕ್ಷನ್ ಬಾವಿಯೇ, ಅಂದರೆ ದ್ರವವನ್ನು ನೆಲದೊಳಕ್ಕೆ ಇಳಿಸುವ ಬಾವಿ, 5ನೇ ವರ್ಗದ್ದು. ಇಲ್ಲಿ ಹೇಳುವ ಸೋರಿಕೆ ಪರೀಕ್ಷೆ ಮುಖ್ಯವಾಗಿ 1 ಮತ್ತು 2ನೇ ವರ್ಗದ ಬಾವಿಗಳದ್ದು. ಕಾರ್ಖಾನೆಯ ತ್ಯಾಜ್ಯವನ್ನೋ ತೈಲದ ಜೊತೆ ಬಂದ ಉಪ್ಪುನೀರನ್ನೋ ಆಳದ ಪದರಕ್ಕೆ ತಳ್ಳುವ ಬಾವಿಗಳು ಇವು. ನಾವು ಬೇಕೆಂದೇ ಕೊರೆಯುವ ತೂತು ಅಲ್ಲಿ ಬಿದ್ದರೆ ಬಾವಿ ನಿಲ್ಲಿಸಬೇಕು.

ರಚನೆ ಸರಳ. ಬಂಡೆಗೂ ಕೇಸಿಂಗ್‌ಗೂ ನಡುವೆ ಸಿಮೆಂಟ್. ಕೇಸಿಂಗ್ ಒಳಗೆ ಸಣ್ಣ ಕೊಳವೆ, ಅಂದರೆ ಟ್ಯೂಬಿಂಗ್. ಇವೆರಡರ ನಡುವಿನ ಸಂದನ್ನು ತಳದಲ್ಲಿ ಮುಚ್ಚುವ ರಬ್ಬರ್ ಬಿಗಿಯೇ ಪ್ಯಾಕರ್. ಪ್ರಶ್ನೆಗಳು ಎರಡು: ಕೇಸಿಂಗ್, ಟ್ಯೂಬಿಂಗ್, ಪ್ಯಾಕರ್ ಸೋರುತ್ತಿವೆಯೇ? ಕೇಸಿಂಗ್‌ನ ಬೆನ್ನ ಹಿಂದೆ, ಸಿಮೆಂಟ್ ಬಿಟ್ಟಲ್ಲಿ, ದ್ರವ ಮೇಲೇರುತ್ತಿದೆಯೇ? ಇವೆರಡೂ ಒಂದೇ ಎಂದು ಬೆರೆಸಬೇಡಿ.

ಮೊದಲನೆಯದಕ್ಕೆ ಒತ್ತಡ ಪರೀಕ್ಷೆ. ಸಂದಿನಲ್ಲಿ ನೀರು ತುಂಬಿಸಿ, ಗಾಳಿ ಪೂರ್ತಿ ಹೊರಬಿಟ್ಟು, ಉಷ್ಣತೆ ಒಂದು ಹದಕ್ಕೆ ಬರುವವರೆಗೆ ಕಾಯಬೇಕು. ಮುಚ್ಚಿದ ಸಂದಿನಲ್ಲಿ ನೀರು 1 ಡಿಗ್ರಿ ಬಿಸಿಯಾದರೂ ಒತ್ತಡ ಹತ್ತಾರು ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡದ ಅಳತೆ) ಏರಬಹುದು, ತಣಿದರೆ ಅಷ್ಟೇ ಇಳಿಯಬಹುದು. ಆತುರಪಟ್ಟರೆ ಇಲ್ಲದ ಸೋರಿಕೆ ಕಾಣುತ್ತದೆ, ಇರುವ ಸೋರಿಕೆ ಮರೆಯಾಗುತ್ತದೆ. ಆಮೇಲೆ ಸಾಮಾನ್ಯವಾಗಿ 300 ಪಿಎಸ್‌ಐಗೆ (ಸುಮಾರು 21 ಬಾರ್) ಏರಿಸಿ, ಪಂಪ್ ಬೇರ್ಪಡಿಸಿ, 30 ನಿಮಿಷ ಗೇಜ್ ನೋಡಬೇಕು. 2ನೇ ವರ್ಗದ ಬಾವಿಗೆ ಸಾಮಾನ್ಯವಾಗಿ ಶೇ 10ರವರೆಗಿನ ಇಳಿಕೆ ಪಾಸು. ಟ್ಯೂಬಿಂಗ್ ಒಳಗೂ 300 ಇದ್ದರೆ ಟ್ಯೂಬಿಂಗ್ ತೂತು ಗೇಜಿಗೆ ಕಾಣುವುದೇ ಇಲ್ಲ. ಎರಡೂ ಕಡೆ ಸಮ ಒತ್ತಡವಿದ್ದರೆ ನೀರು ಎತ್ತ ಹರಿದೀತು?

ಈಗ ಲೆಕ್ಕ. 7 ಇಂಚು ಕೇಸಿಂಗ್ (ಒಳವ್ಯಾಸ 162 ಮಿಮೀ), 73 ಮಿಮೀ ಟ್ಯೂಬಿಂಗ್, ಪ್ಯಾಕರ್ 1,000 ಮೀಟರ್‌ನಲ್ಲಿ. ಸಂದಿನಲ್ಲಿ ಮೀಟರಿಗೆ ಸುಮಾರು 16.4 ಲೀಟರ್, ಒಟ್ಟು 16,400. ಒಂದು ಬಾರ್ ಒತ್ತಡಕ್ಕೆ ನೀರು ಲಕ್ಷಕ್ಕೆ ನಾಲ್ಕೂವರೆ ಪಾಲು ಕುಗ್ಗುತ್ತದೆ. ಹಾಗಾಗಿ 300 ಪಿಎಸ್‌ಐಗೆ ಸುಮಾರು 15 ಲೀಟರ್ ತುಂಬಬೇಕು. ಪೈಪ್ ಹಿಗ್ಗುವುದರಿಂದ ತುಸು ಹೆಚ್ಚು. ಶೇ 10ರ ಇಳಿಕೆ ಎಂದರೆ ಒಂದೂವರೆ ಲೀಟರ್ ಸೋರಿಕೆ. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆದು ವಾಪಸ್ ಬಂದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಳೆಯಿರಿ. 15 ಬರಬೇಕಾದಲ್ಲಿ 3 ಲೀಟರ್ ಬಂತೋ, ಮೇಲೆಲ್ಲೋ ಸಂದು ಕಟ್ಟಿಕೊಂಡಿದೆ, ಪರೀಕ್ಷೆ ಆದದ್ದು ಮೇಲಿನ 200 ಮೀಟರ್‌ಗೆ ಮಾತ್ರ. 40 ಬಂದರೆ ಒಳಗೆ ಗಾಳಿ ಉಳಿದಿತ್ತು. ಗೇಜಿಗಿಂತ ಈ ಬಕೆಟ್ಟನ್ನೇ ಹೆಚ್ಚು ನಂಬಬಹುದು.

ಎರಡನೆಯ ಪ್ರಶ್ನೆಗೆ ಈ ಪರೀಕ್ಷೆಯಲ್ಲಿ ಉತ್ತರವಿಲ್ಲ. ಬಾವಿಯನ್ನು ಒಂದು ದಿನಕ್ಕೂ ಮೇಲ್ಪಟ್ಟು ನಿಲ್ಲಿಸಿ ಉಷ್ಣತಾಮಾಪಕ ಇಳಿಸುತ್ತಾರೆ. ಆಳ ಹೆಚ್ಚಿದಂತೆ ಬಿಸಿ ಏರಬೇಕು; ತಣ್ಣೀರು ತುಂಬಿದ ಪದರ ಮಾತ್ರ ತಂಪಾಗಿ ಉಳಿಯುತ್ತದೆ. ಆ ತಂಪು, ಪದರವನ್ನು ದಾಟಿ ಮೇಲಕ್ಕೂ ಎಳೆದುಕೊಂಡಿದ್ದರೆ ಸಿಮೆಂಟ್ ಹಿಂದೆ ದಾರಿ ಬಿದ್ದಿದೆ ಎಂಬ ಅನುಮಾನ ಬಲವಾಗುತ್ತದೆ. ಅಯೋಡಿನ್-131 ಎಂಬ ವಿಕಿರಣ ಸೂಸುವ ವಸ್ತುವನ್ನು ನೀರಿನ ಜೊತೆ ಇಳಿಸಿ ಗಾಮಾ ಶೋಧಕದಿಂದ ಅದರ ಹಾದಿ ಹಿಡಿಯುವುದು ಇನ್ನೊಂದು ವಿಧಾನ. ಅರ್ಧಾಯುಷ್ಯ 8 ದಿನವಾದ್ದರಿಂದ ಬೇಗ ಕ್ಷೀಣಿಸುತ್ತದೆ. ಸಿಮೆಂಟ್ ಬಾಂಡ್ ಲಾಗ್ ಸಿಮೆಂಟ್ ಅಂಟಿದೆಯೇ ಎಂದು ತೋರಿಸುತ್ತದೆ, ದ್ರವ ಹರಿಯುತ್ತಿದೆಯೇ ಎಂದಲ್ಲ.

ನಮ್ಮ ಬೋರ್‌ವೆಲ್‌ಗೆ ಒತ್ತಡ ಪರೀಕ್ಷೆ ಹೊಂದುವುದಿಲ್ಲ: ಪ್ಯಾಕರ್ ಇಲ್ಲ, ಕೇಸಿಂಗ್ ಗಟ್ಟಿಬಂಡೆವರೆಗೆ ಮಾತ್ರ, ಕೆಳಗೆಲ್ಲ ಬರಿ ಬಂಡೆ. ಆದರೆ ಎರಡನೆಯ ಪ್ರಶ್ನೆ ಇಲ್ಲೂ ಇದೆ. ಕೇಸಿಂಗ್ ಬಂಡೆಯಲ್ಲಿ ಸರಿಯಾಗಿ ಕೂರದಿದ್ದರೆ ಮೇಲಿನ ಮಣ್ಣುನೀರು ಅದರ ಬೆನ್ನ ಹಿಂದಿನಿಂದ ಇಳಿದು, ಮೊದಲ ಮಳೆಗೇ ಮೋಟಾರ್ ಕೆಂಪು ನೀರು ಎತ್ತುತ್ತದೆ. ಮೋಟಾರನ್ನು ಬಾವಿಯಿಂದ ಹೊರಗೆತ್ತಿದಾಗ ನಡುಹಗಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಬಿಡಿ. ಕೇಸಿಂಗ್ ಮುಗಿಯುವ ಅಂಚಿನಿಂದ ಜಿನುಗುವ ನೀರು ಹೊಳೆಯುವುದು ಕಾಣುತ್ತದೆ.